ತವರದ ಅಳು

ಯೂನಿವರ್ಸಿಟಿಯಲ್ಲಿ ಯಾರಾದರೂ ‘ಸುಸ್ಥಿರ’ ಅಂದರೆ ಸಾಕು, ನನಗೆ ಅನುಮಾನ ಶುರು. ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿಯುತ್ತಾ ಪರಿಸರದ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡು ಕಂಡು ಬಂದ ಬುದ್ಧಿ ಇದು. ಅಂಥ ನಾನೇ ಅದೇ ವಿಷಯದ ಪ್ರಾಜೆಕ್ಟಿಗೆ ನಮ್ಮ ಮನೆಯ ಕಸುಬನ್ನು ಆರಿಸಿಕೊಂಡೆ. ನಮ್ಮ ಅಬ್ಬಾ ಚಾಮರಾಜನಗರದಲ್ಲಿ ಕಲಾಯಿ ಹಾಕುವವರು. ತಾಮ್ರದ ಪಾತ್ರೆ ಕಾಯಿಸಿ, ಒಳಗೆ ತವರ ಸವರಿ, ಬೆಳ್ಳಗೆ ಮಾಡಿಕೊಡುತ್ತಾರೆ. ಅಜ್ಜಿಯ ತಪ್ಪಲೆಯಲ್ಲಿ ಮೊಮ್ಮಗಳೂ ಅನ್ನ ಮಾಡಬಹುದು, ಎಸೆಯುವ ಮಾತೇ ಇಲ್ಲ. ಇದಕ್ಕಿಂತ ಸುಸ್ಥಿರ ಇನ್ನೇನು ಬೇಕು ಎಂದು ಜಂಬದಿಂದ ಬರೆದೆ.

ಆಮೇಲೆ ಓದುವಾಗ ಗೊತ್ತಾಯಿತು: ಕೆಲವರು ತವರಕ್ಕೆ ಸೀಸ ಬೆರೆಸಿ ಮಾರುತ್ತಾರೆ, ಅದು ಊಟದ ಜೊತೆ ಹೊಟ್ಟೆಗಿಳಿದರೆ ವಿಷ. ಅಯ್ಯೋ, ದೀಪದ ಕೆಳಗೇ ಕತ್ತಲೆ!

ರಜೆಗೆ ಮನೆಗೆ ಹೋದಾಗ ಅಬ್ಬಾ ಗುಂಡ್ಲುಪೇಟೆಯ ಒಂದು ಮದುವೆ ಮನೆಯ ಕೊಪ್ಪರಿಗೆಗಳಿಗೆ ಕಲಾಯಿ ಹಾಕಿ ಬಂದಿದ್ದರು. ಭಾನುವಾರ ಮದುವೆ. ಊರೆಲ್ಲ ಉಣ್ಣುವ ಊಟ. ಪೆಟ್ಟಿಗೆಯಲ್ಲಿ ಹೊಸ ತವರದ ಕಡ್ಡಿಗಳು ಮಿರಮಿರ ಮಿಂಚುತ್ತಿದ್ದವು.

“ಎಲ್ಲಿ ತಂದ್ರಿ ಇದನ್ನ?” ಎಂದೆ.

“ಅಂಗ್ಡೀಲಿ ಕಣಮ್ಮಿ, ಇನ್ನೆಲ್ಲಿ? ಕಮ್ಮಿಗೆ ಕೊಟ್ಟ, ತಂದ್ಬುಟ್ಟೆ.”

ನಮ್ಮ ಮನೆಮಾತು ಉರ್ದು. ಏನನ್ನಾದರೂ ಮುಚ್ಚಿಡುವಾಗ ಮಾತ್ರ ಅಬ್ಬಾ ನನ್ನ ಜೊತೆ ಕನ್ನಡಕ್ಕೆ ಜಾರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು, ಅವರು ಕೈ ತೊಳೆಯಲು ಹೋದಾಗ ಒಂದು ಕಡ್ಡಿಯನ್ನು ಬ್ಯಾಗಿಗೆ ಸೇರಿಸಿದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಯೋಚನೆ.

“ಕಳ್ತನ ಯಾವಾಗ್ ಕಲ್ತೆ?”

ಹಿಂದೆಯೇ ನಿಂತಿದ್ದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಬಿಡದೆ, ಸೀಸ ಇರಬಹುದೆಂಬ ಅನುಮಾನವನ್ನು ಹೇಳಿಯೇಬಿಟ್ಟೆ. ಬೈಯುತ್ತಾರೆಂದುಕೊಂಡರೆ, ಅಬ್ಬಾ ಫ್ಯಾನ್ ಆರಿಸಿ, ಆ ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ತಂದು ಮೆಲ್ಲಗೆ ಬಗ್ಗಿಸಿದರು.

ಚಿಕ್ಕವಳಿದ್ದಾಗಿನಿಂದ ಇದು ನಮ್ಮಿಬ್ಬರ ಆಟ. ಶುದ್ಧ ತವರ ಬಗ್ಗಿಸಿದರೆ ಕರಕರ ಎಂದು ಅಳುತ್ತದೆ, ಸೀಸ ಬೆರೆತದ್ದು ಸುಮ್ಮನಿರುತ್ತದೆ ಎನ್ನುತ್ತಿದ್ದರು. ಹೊಸ ತವರ ಬಂದಾಗಲೆಲ್ಲ ನನ್ನನ್ನು ಕೂರಿಸಿಕೊಂಡು ಕೇಳಿಸುತ್ತಿದ್ದರು. ಅಳುತ್ತದೋ ಇಲ್ಲವೋ ಹೇಳಿದರೆ ಒಂದು ಮಿಠಾಯಿ.

“ಅಳ್ತದಾ?”

“ಇಲ್ಲ.”

ಇನ್ನೊಂದು ಕಡ್ಡಿ ತೆಗೆದರು. ಅದೂ ಸುಮ್ಮನಿತ್ತು.

“ತರುವಾಗ ನೀವು ಕೇಳಿಸಿಕೊಳ್ಳಲಿಲ್ವಾ ಅಬ್ಬಾ?”

ಅವರು ನೆಲ ನೋಡುತ್ತಾ ಈ ಸಲ ಉರ್ದುವಿನಲ್ಲಿ ಹೇಳಿದರು. ಪಾತ್ರೆಗಳ ನೆಗ್ಗು ತೆಗೆಯುವ ಸುತ್ತಿಗೆಯ ಬಡಿತ ಕೇಳಿ ಕೇಳಿ, ಸಣ್ಣ ಸದ್ದು ಕೇಳುವ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತಂತೆ. ಆಗಿನಿಂದ ತವರದ ಅಳು ಕೇಳಿ ಹೇಳುತ್ತಿದ್ದದ್ದು ನಾನಂತೆ. ನಾನು ಹಾಸ್ಟೆಲಿಗೆ ಹೋದ ಮೇಲೆ ಅಂಗಡಿಯವನನ್ನು ನಂಬಿ ತರುತ್ತಿದ್ದರಂತೆ.

ನನಗೆ ಅಳು ಬಂತು. ಆಟವೆಂದುಕೊಂಡದ್ದು ಆಟವೇ ಆಗಿರಲಿಲ್ಲ.

ಮರುದಿನ ಬೇರೆ ಅಂಗಡಿಗೆ ಹೋದೆವು. ಅಬ್ಬಾ ಒಂದೊಂದೇ ಕಡ್ಡಿ ಬಗ್ಗಿಸಿದರು, ನಾನು ಕಿವಿಗೊಟ್ಟೆ. ಅಳುವ ಕಡ್ಡಿಗಳನ್ನಷ್ಟೇ ಆರಿಸಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆವು.

ಚಪ್ಪರದ ಕೆಳಗೆ ಮದುವೆ ಮನೆಯ ಯಜಮಾನರು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದರು. “ಪಳಪಳ ಅಂತ ಅದಲ್ಲಾ ಸಾಬ್ರೇ. ಇನ್ನೊಂದ್ಸಲ ಯಾಕೆ? ಬುಡಿ ಅತ್ಲಾಗೆ.”

ಅಬ್ಬಾ ಆಗಲೇ ಹಳೆಯ ಕಲಾಯಿ ಕೆರೆಯಲು ಕೂತಿದ್ದರು. ತಲೆ ಎತ್ತದೆ ಹೇಳಿದರು: “ನನ್ ಮಗ್ಳಿಗೆ ಅನ್ಮಾನ ಸ್ವಾಮಿ. ಅವ್ಳಿಗೆ ಕೇಳಿಸ್ತದೆ.”