ಮೆತ್ತಗೆ ಹೇಳಲು ಬಿಡದ ಮೇಡಂ

ಮೇಡಂ ತಲೆಯ ಎಡಭಾಗದಲ್ಲಿ, ಕಿವಿಯ ಮೇಲಿನಿಂದ ನೆತ್ತಿಯವರೆಗೆ ಒಂದು ಬೆರಳಿನಷ್ಟು ಅಗಲಕ್ಕೆ ಕೂದಲೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಆ ಜಾಗ ಬೋಳಾಗಿತ್ತು. ಬೈತಲೆ ಬದಲಿಸಿ ಅದನ್ನು ಮುಚ್ಚಿಕೊಳ್ಳಬಹುದಿತ್ತು, ಅವರು ಮುಚ್ಚಲಿಲ್ಲ. ಯಾರಾದರೂ ಅತ್ತ ನೋಡಿದರೆ ಅವರ ಮುಖದಲ್ಲಿ ತಾವೂ ಏನಾದರೊಂದು ಕುಂದು ಹುಡುಕಿ ಅದನ್ನೇ ದಿಟ್ಟಿಸುತ್ತಿದ್ದರು. ಮೊದಲ ದಿನ ನನ್ನ ಮುಖದಲ್ಲಿ ಅವರಿಗೆ ಸಿಕ್ಕಿದ್ದು ಮೇಲ್ತುಟಿಯ ಮೇಲಿನ ಕೂದಲು.

"ಆಂಟೀ, ನಾನು ಕೆಳಗಿನ ಮನೆಯವಳು," ಎಂದೆ.

"ಆಂಟಿ ಅನಬ್ಯಾಡ. ನಿಮ್ಮಪ್ಪನ ತಂಗಿ ಅಲ್ಲ ನಾ. ಮೇಡಂ ಅನ್ನು."

ಹೀಗೆ ಅವರು ನನಗೆ ಮೇಡಂ ಆದರು. ಧಾರವಾಡದ ಕಡೆಯವರು. ದೆಹಲಿಯಲ್ಲಿ, ಲೋಕಸಭೆಯಲ್ಲಿ ಭಾಷಾಂತರಕಾರ್ತಿಯಾಗಿದ್ದವರು. ಯಾರಾದರೂ ಸದಸ್ಯರು ಕನ್ನಡದಲ್ಲಿ ಮಾತಾಡಿದರೆ, ಗಾಜಿನ ಗೂಡಿನಲ್ಲಿ ಕೂತು ಅವರು ಮಾತಾಡುತ್ತಿರುವಾಗಲೇ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಅವರ ಕೆಲಸ. ನಿವೃತ್ತಿಯ ನಂತರ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ತಮ್ಮ ಅಣ್ಣ ಬಿಟ್ಟುಹೋದ ಫ್ಲ್ಯಾಟಿಗೆ ಒಬ್ಬರೇ ಬಂದು ಸೇರಿಕೊಂಡಿದ್ದರು. ಗಂಟಲು ಕೆಡಬಾರದೆಂದು ತಣ್ಣೀರು ಮುಟ್ಟುತ್ತಿರಲಿಲ್ಲ. ಸ್ಟೀಲಿನ ಫ್ಲಾಸ್ಕಿನಲ್ಲಿ ಜೀರಿಗೆ ಹಾಕಿದ ಬಿಸಿನೀರು ಸದಾ ಇರುತ್ತಿತ್ತು. ಕುಡಿಯುತ್ತೀಯಾ ಎಂದು ನನ್ನನ್ನು ಒಂದು ದಿನವೂ ಕೇಳಿದವರಲ್ಲ.

ಬಿಲ್ಡಿಂಗಿನಲ್ಲಿ ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಒಮ್ಮೆ ಸೊಸೈಟಿಯ ಚೇರ್ಮನ್ ಲಿಫ್ಟಿನ ಪಕ್ಕ ಮರಾಠಿಯಲ್ಲಿ ನೋಟಿಸ್ ಅಂಟಿಸಿದರು: ಕೆಲವು ಸದಸ್ಯರು ಬಾಲ್ಕನಿಯಿಂದ ಗಿಡದ ನೀರು ಕೆಳಗೆ ಸುರಿಯುತ್ತಾರೆ, ಇದು ಸರಿಯಲ್ಲ. ಮೇಡಂ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಮರಾಠಿಯಲ್ಲೇ ಬರೆದರು: ಕೆಲವು ಅಂದರೆ ಯಾರು? ಹೆಸರು ಬರೆಯಿರಿ. ಮರುದಿನ ನೋಟಿಸ್ ಕಾಣೆಯಾಯಿತು. ಅವರು ಚೇರ್ಮನ್ ಮನೆಯ ಬೆಲ್ ಒತ್ತಿ, "ನೀರು ಸುರಿಯುವವಳು ನಾನೇ. ಹೆಸರು ಬರೆಯಲು ಯಾಕೆ ಹೆದರಿದಿರಿ?" ಎಂದು ಕೇಳಿ ಬಂದರು. ಗಿಡದ ನೀರು ಕೆಳಗೆ ಸುರಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಲೋಕಸಭೆಯ ಮಾತನ್ನು ಕನ್ನಡಕ್ಕೆ ತರುವವರು ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ಓದಿ ನಾನು ಅವರ ಬಾಗಿಲು ತಟ್ಟಿದ್ದೆ. ಮನೆಯಲ್ಲಿ ತುಳು, ಕನ್ನಡ ಸಂಘದ ಶಾಲೆಯಲ್ಲಿ ನಾಲ್ಕನೆಯ ತನಕ ಕನ್ನಡ, ಆಮೇಲೆ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಟ್ರೈನಿನಲ್ಲಿ ಹಿಂದಿ. ನನ್ನ ಕನ್ನಡ ಕೇಳಿ ಅವರು ಕಿವಿ ಮುಚ್ಚಿಕೊಂಡರು. "ಇದು ಕನ್ನಡ ಅಲ್ಲ, ಭೇಳಪುರಿ," ಎಂದರು. ಆದರೂ ನಾಳೆ ಹನ್ನೊಂದಕ್ಕೆ ಬಾ ಎಂದರು. ಪಾಠ ಹೇಳಿಕೊಡಲು ಏನನ್ನೂ ತೆಗೆದುಕೊಳ್ಳಲಿಲ್ಲ. ಬದಲಿಗೆ ಬೈದರು. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂಚೆ ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಅದನ್ನು ಬಾಯಲ್ಲಿ ಹಿಡಿದಿಟ್ಟುಕೊಂಡು ಮುಂದಿನದನ್ನು ಹೇಳುತ್ತಾ ಹೋಗಬೇಕು. ನಾನು ಕೈಬಿಟ್ಟಾಗಲೆಲ್ಲ ಅವರು ಸ್ಟೀಲಿನ ಲೋಟವನ್ನು ಮೇಜಿಗೆ ಕುಟ್ಟುತ್ತಿದ್ದರು. "ಅವರು ಏನಂದ್ರು ಅದನ್ನ ಹೇಳು. ನಿನಗ ಏನನಿಸ್ತು ಅಂತ ಯಾರೂ ಕೇಳಿಲ್ಲ." ಇದನ್ನು ಅವರಿಂದ ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿದ್ದೆ.

ಆ ದಿನಗಳಲ್ಲಿ ನಮ್ಮ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಅಪ್ಪ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಇಪ್ಪತ್ತಮೂರು ವರ್ಷ ಅಡಿಗೆ ಮಾಡಿದವರು. ಕಾರ್ಕಳದ ಹತ್ತಿರದ ಊರಿನಲ್ಲಿ ಏಳನೆಯ ತನಕ ಓದಿ ಬಂದಿದ್ದರು. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಬಲ್ಲರು, ಅರ್ಥವಾಗುತ್ತಿರಲಿಲ್ಲ. ಒಂದು ದಿನ ಕಂಪೆನಿ ಕ್ಯಾಂಟೀನನ್ನು ಕಾಂಟ್ರಾಕ್ಟಿಗೆ ಕೊಟ್ಟು ಅಲ್ಲಿದ್ದ ಎಂಟೂ ಜನರ ಕೈಗೆ ಒಂದೊಂದು ಇಂಗ್ಲಿಷ್ ಕಾಗದ ಕೊಟ್ಟಿತು. ಅಪ್ಪ ಅದನ್ನು ಮಡಚದೆ, ಒದ್ದೆ ಬಟ್ಟೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. "ಓದು ಮಗಾ," ಎಂದರು.

ನಾನು ಓದಿದೆ. ನಿಮ್ಮ ಸೇವೆ ಇಂದಿಗೆ ಕೊನೆಗೊಂಡಿದೆ, ಮತ್ತೆ ಕೆಲಸ ಕೇಳುವ ಹಕ್ಕು ನಿಮಗಿಲ್ಲ, ಆಕ್ಷೇಪವಿದ್ದರೆ ಮೂವತ್ತು ದಿನದೊಳಗೆ ಬರೆದುಕೊಡಿ ಎಂದಿತ್ತು. ನಾನು ಅಪ್ಪನ ಮುಖ ನೋಡಿ, "ಸದ್ಯಕ್ಕೆ ಮನೇಲಿರಿ ಅಂತ ಬರೆದಿದ್ದಾರೆ ಪಪ್ಪ. ಹೊಸ ಕಾಂಟ್ರಾಕ್ಟ್ ಸರಿಯಾದ ಮೇಲೆ ಕರೀತಾರಂತೆ," ಎಂದುಬಿಟ್ಟೆ.

ಒಂದೆರಡು ದಿನ ಬಿಟ್ಟು ನಿಜ ಹೇಳೋಣ ಎಂದುಕೊಂಡಿದ್ದೆ. ಏಳು ತಿಂಗಳಾಯಿತು. ಅಪ್ಪ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಫೋನಿನ ಪಕ್ಕ ಕೂರುತ್ತಿದ್ದರು. ವಾಶಿಯ ಮಾರ್ಕೆಟಿನಲ್ಲಿ ಊರಿನವರೊಬ್ಬರ ಕ್ಯಾಂಟೀನಿಗೆ ಅಡಿಗೆಯವರು ಬೇಕೆಂದು ಎರಡು ಸಲ ಹೇಳಿಕಳಿಸಿದರು. "ಈಗ ಅಲ್ಲಿ ಸೇರಿ, ಇಲ್ಲಿ ಕಂಪೆನಿ ಕರೆದರೆ?" ಎಂದು ಅಪ್ಪ ಹೋಗಲಿಲ್ಲ. ಜೊತೆಗಿದ್ದವರು ಬಂದು, ಕೆಲಸ ಹೋಯಿತು, ಸಹಿ ಹಾಕಿ ಲೆಕ್ಕ ಮುಗಿಸಿಕೋ ಎಂದರೆ, "ನಿಮ್ಮ ಕಾಗದ ಬೇರೆ. ನನ್ನದನ್ನು ಮಗಳು ಓದಿದ್ದಾಳೆ, ಅವಳು ಬಿ.ಎ.," ಎನ್ನುತ್ತಿದ್ದರು. ಮೂವತ್ತು ದಿನ ಯಾವಾಗಲೋ ಕಳೆದುಹೋಗಿತ್ತು.

ಹೀಗಿರುವಾಗ ಲೋಕಸಭೆಯಲ್ಲಿ ಕಾರ್ಖಾನೆಗಳ ಕಾಂಟ್ರಾಕ್ಟ್ ಕೆಲಸದ ಬಗ್ಗೆ ಒಂದು ಮಸೂದೆ ಚರ್ಚೆಗೆ ಬಂತು. ಅಂದೇ ಮತದಾನವೆಂದೂ ಗೊತ್ತಾಯಿತು. ಮೇಡಂ ಹಿಂದಿನ ದಿನವೇ ಹೇಳಿದರು: "ನಾಳೆ ಇಡೀ ದಿವಸ ಹೇಳಬೇಕು ನೀ. ಶುರುವಿನಿಂದ ಮತ ಹಾಕೂತನಕ. ನಡುವ ಎದ್ದ ಹೋಗಬ್ಯಾಡ."

ಟಿ.ವಿ.ಗೆ ಒಂದು ತಂತಿ ಸಿಕ್ಕಿಸಿ ಎರಡು ಹೆಡ್‌ಫೋನ್ ಹಾಕಿದ್ದರು. ಒಂದು ನನಗೆ, ಇನ್ನೊಂದು ಅವರಿಗೆ. ಕೋಣೆಯಲ್ಲಿ ಕೇಳುತ್ತಿದ್ದದ್ದು ನನ್ನ ಕನ್ನಡ ಮಾತ್ರ. ಆವತ್ತು ಕೆಮಿಕಲ್ ಫ್ಯಾಕ್ಟರಿಗಳ ಕಡೆಯ ಗಾಳಿ ಬೀಸಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಸಭೆಯಲ್ಲಿ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ನಾನು ಯಾರ ಮಾತು ಹಿಡಿಯಲಿ ಎಂದು ತಡಬಡಾಯಿಸಿದರೆ ಮೇಡಂ ಲೋಟ ಕುಟ್ಟುತ್ತಿದ್ದರು.

ಎರಡು ಗಂಟೆಯ ಸುಮಾರಿಗೆ ಅಪ್ಪ ನನಗೆ ಊಟದ ಡಬ್ಬಿ ತಂದರು. ಫ್ಯಾಕ್ಟರಿಯ ವಿಷಯ ಎಂದು ಗೊತ್ತಾಗಿ ಬಾಗಿಲಲ್ಲೇ ನಿಂತರು.

"ಕೂಡ್ರಿ," ಎಂದರು ಮೇಡಂ. "ಕೇಳವರು ಇರಬೇಕು. ಇಲ್ಲಾಂದ್ರ ಇಕಿ ಗ್ವಾಡಿಗೆ ಹೇಳಿದಂಗ ಹೇಳತಾಳ."

ಅಪ್ಪ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ನನ್ನ ಬಾಯಿಯನ್ನೇ ನೋಡತೊಡಗಿದರು. ವಿರೋಧ ಪಕ್ಷದ ಸದಸ್ಯರೊಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರು ಜೇಬಿನಿಂದ ಒಂದು ಕಾಗದ ತೆಗೆದು, ತಮ್ಮ ಕ್ಷೇತ್ರದ ಕೂಲಿಗಾರನೊಬ್ಬನಿಗೆ ಬಂದದ್ದು ಎಂದು ಓದತೊಡಗಿದರು. ಮೊದಲ ಸಾಲಿಗೇ ಗುರುತು ಹಿಡಿದೆ. ಅಪ್ಪನ ಕಾಗದದ ಶಬ್ದಗಳೇ ಅವು. ಇಂಥ ಕಾಗದಗಳನ್ನೆಲ್ಲ ಬಹುಶಃ ಒಂದೇ ಮಾದರಿ ನೋಡಿ ಬರೆಯುತ್ತಾರೆ. ನಾನು ಅಪ್ಪನತ್ತ ನೋಡದೆ, "ಸದ್ಯಕ್ಕೆ ನಿಮ್ಮ ಸೇವೆ ಬೇಕಾಗಿಲ್ಲ ಎಂದು ತಿಳಿಸಲಾಗಿದೆ," ಎಂದೆ.

ಮೇಡಂ ಲೋಟ ಕುಟ್ಟಿದರು.

"'ಫುಲ್ ಅಂಡ್ ಫೈನಲ್' ಅಂದ್ರು ಅವರು, ಪೂರ್ತಿ ಮುಗೀತು ಅಂತ. ನೀ ಏನಂದಿ?"

"ಸದ್ಯಕ್ಕೆ ಅಂದೆ."

"ಸದ್ಯಕ್ಕ ಎಲ್ಲಿಂದ ಬಂತು? ಅವರ ಬಾಯಾಗಿಂದ ಬಂತೋ, ನಿನ್ನ ಬಾಯಾಗಿಂದೋ?"

ಆಗ ಮಾತಾಡಿದ್ದು ಅಪ್ಪ. "ಮೇಡಂ, ಆ ಫುಲ್ ಎಂಡ್ ಫೈನಲ್ ನನ್ನ ಕಾಗದದಲ್ಲಿ ಸಹ ಉಂಟು. ಕೊನೆಗೆ, ಸಹಿಯ ಮೇಲೆ. ಇವಳು ಅದಕ್ಕೆ ಬೇರೆ ಎಂತದೋ ಹೇಳಿದ್ದಳು."

ಕೆಳಗೆ ಹೋಗಿ ಕಾಗದ ತಂದರು. ಏಳು ತಿಂಗಳಲ್ಲಿ ಅದರ ಮಡಿಕೆಗಳು ಹರಿಯುವಂತಾಗಿದ್ದವು. ಮೇಡಂಗೆ ಕೊಡಲು ಹೋದರು. ಮೇಡಂ ಅದರ ಮೇಲೆ ಒಮ್ಮೆ ಕಣ್ಣಾಡಿಸಿ ನನ್ನ ಮುಂದೆ ಇಟ್ಟರು.

"ನಾ ಓದೂದಿಲ್ಲ. ಅಕಿ ಓದಲಿ."

"ಬೇಡ ಮೇಡಂ," ಎಂದೆ. ನಾನು ಹಾಗೆ ಯಾರನ್ನೂ ಬೇಡಿಕೊಂಡವಳಲ್ಲ. "ಮನೆಗೆ ಹೋಗಿ ಹೇಳ್ತೇನೆ. ಇಲ್ಲಿ ಬೇಡ."

"ಏಳು ತಿಂಗಳು ಮನಿಯಾಗ ಇದ್ದಿಯಲ್ಲ. ಓದು."

ಓದಿದೆ. ಒಂದೂ ಪದ ಬಿಡದೆ ಓದಿದೆ. ಮೂವತ್ತು ದಿನದ ಸಾಲು ಬಂದಾಗ ಅಪ್ಪ ಬೆರಳು ಮಡಚಿ ಏನೋ ಎಣಿಸಿದರು, ಅರ್ಧಕ್ಕೆ ಬಿಟ್ಟರು. ಓದಿ ಮುಗಿಸಿದಾಗ ಟಿ.ವಿ.ಯಲ್ಲಿ ಸಚಿವರು ಕೈ ಎತ್ತಿ ಎತ್ತಿ ಏನೋ ಹೇಳುತ್ತಿದ್ದರು.

"ಚರ್ಚಾ ಮುಗದಿಲ್ಲ," ಎಂದರು ಮೇಡಂ. "ಹೆಡ್‌ಫೋನ್ ಹಾಕ್ಕೊ."

ನಾನು ಹೆಡ್‌ಫೋನನ್ನು ನೆಲಕ್ಕೆ ಎಸೆದೆ. "ನಿಮಗೆ ಮನಸ್ಸು ಅಂತ ಒಂದು ಇದೆಯಾ? ನನ್ನ ತಂದೆಯ ಎದುರು ನನ್ನನ್ನು ಹೀಗೆ ಮಾಡಿ ಏನು ಸಿಕ್ಕಿತು ನಿಮಗೆ? ಅದಕ್ಕೇ ಈ ಬಿಲ್ಡಿಂಗಿನಲ್ಲಿ ಒಂದು ನಾಯಿಯೂ ನಿಮ್ಮ ಬಾಗಿಲಿಗೆ ಬರುವುದಿಲ್ಲ." ಇನ್ನೂ ಏನೇನೋ ಕೂಗಿದೆ. ಅರ್ಧ ಹಿಂದಿಯಲ್ಲಿ, ಅರ್ಧ ತುಳುವಿನಲ್ಲಿ.

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೀರು ಕುಡಿದರು. "ಬೈಯೂದಿದ್ರ ಒಂದ ಭಾಷಾದಾಗ ಬೈ," ಎಂದರು.

ಆಗ ಅಪ್ಪ ಬಗ್ಗಿ ಹೆಡ್‌ಫೋನ್ ಎತ್ತಿ ನನ್ನ ಕೈಗೆ ಕೊಟ್ಟರು. "ಕೂತ್ಕೊ ಮಗಾ. ಹೇಳು. ಯಾರು ಯಾವ ಕಡೆ ಅಂತ ನಂಗೆ ಗೊತ್ತಾಗ್ಬೇಕು."

ಹೇಳಿದೆ. ನಾಲ್ಕು ಗಂಟೆ ಹೇಳಿದೆ. ಸಚಿವರು, ಕೆಲಸಗಾರನಿಗೆ ಇದರಿಂದ ಬಿಡುಗಡೆ ಎಂದಾಗ ಬಿಡುಗಡೆ ಎಂದೇ ಹೇಳಿದೆ. ಒಬ್ಬರು ಅದನ್ನು ಹಸಿ ಸುಳ್ಳು ಎಂದಾಗ ಹಸಿ ಸುಳ್ಳು ಎಂದೇ ಹೇಳಿದೆ. ಮೇಡಂ ಮತ್ತೆ ಲೋಟ ಕುಟ್ಟಲಿಲ್ಲ. ಸಂಜೆ ಆರೂವರೆಗೆ ಪೀಠದಲ್ಲಿದ್ದವರು, ಪರವಾಗಿರುವವರು ಹೌದು ಎನ್ನಿ, ವಿರುದ್ಧವಾಗಿರುವವರು ಇಲ್ಲ ಎನ್ನಿ ಎಂದರು. ವಿರೋಧ ಪಕ್ಷದವರು ಎದ್ದುನಿಂತು ಮತ ಎಣಿಸಬೇಕೆಂದು ಹಟ ಹಿಡಿದರು. ಗಂಟೆ ಮೊಳಗಿತು, ಬಾಗಿಲು ಮುಚ್ಚಿದರು, ಎಲ್ಲರೂ ಗುಂಡಿ ಒತ್ತಿದರು. "ಮಸೂದೆ ಅಂಗೀಕಾರವಾಗಿದೆ," ಎಂದೆ. ನನ್ನ ಗಂಟಲಿನಲ್ಲಿ ಧ್ವನಿ ಉಳಿದಿರಲಿಲ್ಲ.

ಅಪ್ಪ ಎದ್ದು ಮೇಡಂಗೆ ಕೈಮುಗಿದು, ನನಗೆ ಕಾಯದೆ ಮೆಟ್ಟಿಲು ಇಳಿದುಹೋದರು.

ಮರುದಿನ ಅವರು ಠಾಣೆ ನಗರದ ಲೇಬರ್ ಆಫೀಸಿಗೆ ಹೋದರು. ಈಗ ಏಕೆ ಬಂದಿರಿ, ಅವಧಿ ಮುಗಿದಿದೆ ಎಂದು ಅಲ್ಲಿಯ ಗುಮಾಸ್ತ ಅವರನ್ನು ಕಳಿಸಿದ. ಅದರ ಮಾರನೆಯ ದಿನ ವಾಶಿಗೆ ಹೋಗಿ, ಮಾರ್ಕೆಟಿನ ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿಗೆ ಸೇರಿಕೊಂಡರು. ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ಅಂದಿನಿಂದ ಮನೆಗೆ ಬ್ಯಾಂಕಿನದ್ದೋ, ಸೊಸೈಟಿಯದ್ದೋ ಇಂಗ್ಲಿಷ್ ಕಾಗದ ಏನೇ ಬಂದರೂ ಅದನ್ನು ಹಿಡಿದುಕೊಂಡು ಮೇಡಂ ಇದ್ದ ಮೂರನೇ ಮಹಡಿಗೆ ಹತ್ತುತ್ತಿದ್ದರು. ನಾನು ಎದುರಿಗೇ ಕೂತಿದ್ದರೂ ಹತ್ತುತ್ತಿದ್ದರು. ಅವರ ಹೆಜ್ಜೆ ಮೇಲೆ ಮೇಲೆ ಹೋಗುವುದನ್ನು ಕೇಳುತ್ತಾ ನಾನು ಮೇಡಂಗೆ ಶಾಪ ಹಾಕುತ್ತಿದ್ದೆ.

ನಾಲ್ಕು ತಿಂಗಳು ಆ ಮನೆಗೆ ಕಾಲಿಡಲಿಲ್ಲ. ಅಂಥ ಒಂದು ದಿನ ಅಪ್ಪ ಮೇಲಿನಿಂದ ಬಂದು ಅಮ್ಮನಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಮತದಾನದ ದಿನ ನಡೆದದ್ದಂತೆ. ಅಣೆಕಟ್ಟಿನಲ್ಲಿ ಮುಳುಗಿದ ತನ್ನ ಹಳ್ಳಿಗಳ ಬಗ್ಗೆ ಒಬ್ಬ ಸದಸ್ಯ ಕನ್ನಡದಲ್ಲಿ ಸಿಡಿದು ಮಾತಾಡಿದರು. ಅಷ್ಟು ಒರಟು ಮಾತು ಸಭೆಯಲ್ಲಿ ಬೇಡವೆಂದು ಮೇಡಂ ಅದನ್ನು ಇಂಗ್ಲಿಷಿನಲ್ಲಿ ನಯವಾಗಿ ಹೇಳಿದರು. ಸಚಿವರು ಅದನ್ನು ಕೇಳಿ ನಕ್ಕು, ಧನ್ಯವಾದ ಹೇಳಿ, ಮತಕ್ಕೆ ಹಾಕಿಸಿದರು. ತನ್ನ ಬೈಗುಳಕ್ಕೆ ನಗು ಬಂದದ್ದು ಕಂಡು ಆ ಸದಸ್ಯ ಅಲ್ಲೇ ಅತ್ತುಬಿಟ್ಟರಂತೆ. "'ಅವತ್ತು ನಾ ಅವರ ಸಿಟ್ಟು ಕದ್ದೆ' ಅಂದ್ರು ಮೇಡಂ," ಎಂದರು ಅಪ್ಪ.

ಇದನ್ನು ಕೇಳಿ ನನ್ನ ಕೋಪ ಇಳಿಯಿತು ಎಂದು ಹೇಳಲಾರೆ. ಲೋಕಸಭೆಯ ಕೆಲಸದ ಪರೀಕ್ಷೆ ಹತ್ತಿರ ಬಂತು, ಬೇರೆ ಗತಿಯಿರಲಿಲ್ಲ, ಹೋದೆ. ಬಾಗಿಲು ತೆರೆದವರು, "ನಾಲ್ಕು ತಿಂಗಳ ಅಭ್ಯಾಸ ಹಾಳಾತು. ಕೂಡು," ಎಂದರು. ಅವರು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ಸಲ ಫೇಲಾದೆ. "ಆಗೂದ ಇತ್ತು," ಎಂದರು. ಎರಡನೆಯ ಸಲ ಆಯ್ಕೆಯಾಗಿ ಹೇಳಲು ಹೋದಾಗ, ನೇಮಕಾತಿ ಆರ್ಡರಿನ ಪ್ರತಿ ಪದ ಓದಿ, ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ತಪ್ಪು ತೋರಿಸಿ, ತಿದ್ದಿಸಿಕೋ ಎಂದು ಕಾಗದ ಹಿಂದಕ್ಕೆ ಕೊಟ್ಟರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ನಾನು ದೆಹಲಿಗೆ ಹೊರಡಲು ಎರಡು ವಾರವಿರುವಾಗ, ಒಂದು ಬೆಳಿಗ್ಗೆ ಕೆಲಸದವಳು ಎಷ್ಟು ಬೆಲ್ ಒತ್ತಿದರೂ ಬಾಗಿಲು ತೆರೆಯಲಿಲ್ಲ.

ಪುಣೆಯಿಂದ ಅವರ ಅಣ್ಣನ ಮಗ ಬಂದರು. ಮಸಣಕ್ಕೆ ಬಂದವರು ಒಟ್ಟು ಏಳು ಜನ. ಚೇರ್ಮನ್ ಬಂದಿದ್ದರು. ಬಹಳ ಪ್ರೀತಿಯ ಹೆಂಗಸು ಎಂದು ಅವರು ಮರಾಠಿಯಲ್ಲಿ ಹೇಳಿದ್ದಕ್ಕೆ ಯಾರೂ ತಲೆಯಾಡಿಸಲಿಲ್ಲ.

ಹಿಂದಿರುಗುವಾಗ ಅಪ್ಪ ರಿಕ್ಷಾ ಬೇಡವೆಂದರು. ನಡೆದೆವು. ಸ್ಟೇಷನ್ನಿನ ಸೇತುವೆ ಹತ್ತಿ ಅರ್ಧಕ್ಕೆ ನಿಂತರು.

"ಮಗಾ, ಎಂಟು ಜನರನ್ನು ಒಂದೇ ದಿವಸ ತೆಗೆದವರು ಎಂಟು ನಮೂನೆಯ ಕಾಗದ ಬರೀತಾರಾ? ನಂಗೆ ಗೊತ್ತಿತ್ತು."

ನನಗೆ ಮೊದಲು ಅರ್ಥವಾಗಲಿಲ್ಲ. "ಏನು ಗೊತ್ತಿತ್ತು?"

"ನೀನು ಓದಿದ್ದು ಸುಳ್ಳು ಅಂತ. ಪೂರ್ತಿ ಅಲ್ಲ. ಅಂದಾಜು ಇತ್ತು. ಆದ್ರೆ ಕೇಳ್ಲಿಕ್ಕೆ ಚಂದ ಇತ್ತು. ಬೆಳಿಗ್ಗೆ ಎದ್ದು ಶರ್ಟು ಹಾಕ್ಲಿಕ್ಕೆ ಒಂದು ಕಾರಣ ಇತ್ತು. ನೀನು ಒಂದು ಸಲ ಹೇಳಿದ್ದಿ. ನಾನು ದಿನಾ ಅದನ್ನು ಸಾಕಿದೆ."

"ಹಾಗಾದ್ರೆ ಆಮೇಲೆ ನನ್ನ ಹತ್ರ ಯಾಕೆ ಓದಿಸ್ಲಿಲ್ಲ?"

"ನೀನು ನನ್ನ ಮುಖ ನೋಡಿ ಓದ್ತಿ. ಆಗ ನಾನು ಎಂತಹ ಮುಖ ಮಾಡ್ತೇನೆ ಅಂತ ನಂಗೇ ಹೆದರಿಕೆ. ಮೇಡಂ ಮುಖ ನೋಡಿ ಓದ್ತಿರಲಿಲ್ಲ."

ಕೆಳಗೆ ಕಲ್ಯಾಣ್ ಫಾಸ್ಟ್ ಟ್ರೈನ್ ಬಂದು ನಿಂತಿತು. ಜನ ನಮ್ಮಿಬ್ಬರನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದರು. ನಾನು ಸೇತುವೆಯ ಕಂಬಿ ಹಿಡಿದು ನಿಂತೆ. ಮೇಡಂ ನನಗೆ ಇಷ್ಟವಾಗಿರಲಿಲ್ಲ. ಇಂದಿಗೂ ಆ ಮಧ್ಯಾಹ್ನ ನೆನಪಾದರೆ ಹಲ್ಲು ಕಚ್ಚುತ್ತೇನೆ. ಅವರು ಅದನ್ನು ಬೇರೆ ರೀತಿಯಲ್ಲಿ ಮಾಡಬಹುದಿತ್ತು ಎಂದೇ ಈಗಲೂ ನಂಬಿದ್ದೇನೆ. ಆದರೆ ಅವರು ಅದನ್ನು ಮಾಡದೇ ಹೋಗಿದ್ದರೆ ಅಪ್ಪ ಆವತ್ತು ಆ ಸೇತುವೆಯ ಮೇಲೆ ನನಗೆ ಆ ಮಾತು ಹೇಳುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸದಂತೆ ಮಾತಾಡುತ್ತಾ, ಒಂದೇ ಮನೆಯಲ್ಲಿ ಎರಡು ಸುಳ್ಳುಗಳ ಹಾಗೆ ಮುದುಕರಾಗುತ್ತಿದ್ದೆವು. ಅಪ್ಪನನ್ನು ನನಗೆ ಹಿಂದಕ್ಕೆ ಕೊಟ್ಟವರು ಮೇಡಂ. ಅದಕ್ಕೆ ಅವರಿಗೆ ನಾನು ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ.