ಎಡ ಕಂಕುಳ ಕೆಳಗಿನ ಮೂರು ಕಲೆ

ಇವತ್ತು ಬೆಳಿಗ್ಗೆ ಮೂರು ವರ್ಷದ ಮೊಮ್ಮಗಳಿಗೆ ಎಣ್ಣೆ ಹಚ್ಚುವಾಗ ಎಡ ಕಂಕುಳ ಕೆಳಗೆ ಆ ಮೂರು ಕಲೆ ಬೆರಳಿಗೆ ಸಿಕ್ಕವು. ಒಂದೊಂದೂ ಸಾಸಿವೆ ಕಾಳಿನಷ್ಟು. ನೀವಾದರೆ ಸೊಳ್ಳೆ ಕಚ್ಚಿದ್ದೇನೋ ಅನ್ನುತ್ತೀರಿ. ನನ್ನ ಕೈ ಮಾತ್ರ ಈಗಲೂ ಅಲ್ಲಿ ನಿಂತುಬಿಡುತ್ತದೆ.

ನಮ್ಮ ತೋವಿನಕೆರೆ ಕಡೆ ಬಾಣಂತಿ ಮನೆಗೆ ಕೂಸಿಗೆ ನೀರು ಎರೆಯುವವರು ಬರುತ್ತಾರೆ. ಈ ಮೊಮ್ಮಗಳು ಹುಟ್ಟಿದಾಗ ನಮ್ಮಲ್ಲಿಗೆ ಬರುತ್ತಿದ್ದವಳು ಹನುಮಕ್ಕ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವುದು. ಕೊನೆಗೆ ಎರಡೂ ಪಾದ ಹಿಡಿದು ತಲೆಕೆಳಗಾಗಿ ಮೂರು ಸಲ ಎತ್ತುವುದು. ಮೈ ಸಡಿಲವಾಗುತ್ತದಂತೆ. ನಾನೂ ಹಾಗೆ ಬೆಳೆದವಳೇ. ನೀರಿನ ಹದ, ಸೀಗೆಪುಡಿಯ ಅಳತೆ, ಹಾಲು ಕುಡಿದ ಹೊತ್ತು, ಎಲ್ಲಕ್ಕೂ ನಾನೇ ಮೇಸ್ತ್ರಿ. ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಕೂಸಿನ ಉಸಿರು ತುಸು ಬಿರುಸು ಅನ್ನುವುದೊಂದನ್ನು ಬಿಟ್ಟು.

ಕೂಸು ಹುಟ್ಟಿದ ಇಪ್ಪತ್ತೆಂಟನೆಯ ದಿನ ಒಂದು ಸಲ ಎತ್ತಿದ ಹನುಮಕ್ಕ ತಟ್ಟನೆ ಇಳಿಸಿಕೊಂಡು ಕೂಸಿನ ಎದೆಗೆ ಕಿವಿಯಿಟ್ಟಳು.

"ಎದೇಲಿ ಹೊಟ್ಟೆ ಸದ್ದು ಬತ್ತೈತೆ ಕಣಮ್ಮ. ಗೊಳಗೊಳ ಅಂತೈತೆ. ಇನ್ನ ನಾನು ಎತ್ತಾಕಿಲ್ಲ."

"ನೀನ್ಯಾವಾಗ ಡಾಕ್ಟ್ರಾಗ್ಬುಟ್ಟೆ? ನೀರು ಕುಡಿದೈತೆ ಅಷ್ಟೆ. ಕೊಡಿಲ್ಲಿ!" ಎಂದು ಕಿತ್ತುಕೊಂಡು ನಾನೇ ಎತ್ತಿದೆ. ಎರಡು. ಮೂರು. ಲೆಕ್ಕ ತಪ್ಪಬಾರದಲ್ಲ. ತಿರುಗಿಸಿ ನೋಡಿದರೆ ತುಟಿ ನೇರಳೆಹಣ್ಣಿನ ಬಣ್ಣ.

ತುಮಕೂರು, ಅಲ್ಲಿಂದ ಬೆಂಗಳೂರು. ಆಂಬುಲೆನ್ಸಿನಲ್ಲಿ ಮಗಳು ರೂಪಾ ನನ್ನ ಕೈಯನ್ನೇ ಬಿಗಿಯಾಗಿ ಹಿಡಿದಿದ್ದಳು. ಬಚ್ಚಲಲ್ಲಿ ಆದದ್ದನ್ನು ಅವಳು ನೋಡಿರಲಿಲ್ಲ.

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಪರದೆಯಂಥ ಸ್ನಾಯು ಇರುತ್ತದಂತೆ. ಗರ್ಭದಲ್ಲಿ ಅದು ಪೂರ್ತಿ ಕೂಡಿರಲಿಲ್ಲ. ಆ ತೂತಿನಿಂದ ಕರುಳು ಮೇಲೇರಿ ಶ್ವಾಸಕೋಶವನ್ನು ಒತ್ತಿಕೊಂಡು ಕೂತಿತ್ತು. ಎದೆಯೊಳಗೆ ಕರುಳು!

"ತೂತು ಹುಟ್ಟಿನಿಂದಲೇ ಇದೆ, ನಿಮ್ಮಿಂದ ಆದದ್ದಲ್ಲ. ಆದ್ರೆ ತಲೆಕೆಳಗೆ ಹಿಡಿದ್ರೆ ಕರುಳು ಇನ್ನಷ್ಟು ಮೇಲೆ ಬರುತ್ತೆ. ಹಾಗೇನಾದ್ರೂ ಹಿಡಿದಿದ್ರಾ?"

"ಎರೆಯೋಳು," ಅಂದೆ. ರೂಪಾ ಪಕ್ಕದಲ್ಲೇ ಇದ್ದಳು.

ಇಷ್ಟು ಪುಟ್ಟ ಎದೆಯನ್ನು ಸೀಳುತ್ತಾರಲ್ಲ ಎಂದು ಆಪರೇಷನ್ ಕೋಣೆಯ ಹೊರಗೆ ಕೂತಿದ್ದೆ. ಸೀಳಲೇ ಇಲ್ಲ. ಎಡ ಕಂಕುಳ ಕೆಳಗೆ ಮೂರು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದೆರಡರಲ್ಲಿ ಕಡ್ಡಿಯಂಥ ಉಪಕರಣ. ಟಿವಿ ಪರದೆ ನೋಡುತ್ತಲೇ ಕರುಳನ್ನು ಮೆಲ್ಲಗೆ ಕೆಳಗೆ ತಳ್ಳಿ ಸ್ನಾಯುವಿನ ತೂತು ಹೊಲಿದಿದ್ದರು. ಮೂರು ಪುಟ್ಟ ಪಟ್ಟಿ ಕಂಡು "ಇಷ್ಟೇನಾ?" ಅಂದುಬಿಟ್ಟೆ. ನರ್ಸ್ ನಕ್ಕಳು: "ಇನ್ನೂ ಬೇಕಿತ್ತಾ ಅಜ್ಜಿ?"

ಇವತ್ತು ಎಣ್ಣೆ ಹಚ್ಚಿ, ಮಗುವನ್ನು ರೂಪಾಳ ಹತ್ತಿರ ಬಿಟ್ಟು ಹಾಲಿನ ಡೈರಿಗೆ ಹೋದೆ. ಪಕ್ಕದ ಬೀದಿಯ ಜಯಮ್ಮ ಸೊಸೆಯ ಬಾಣಂತನಕ್ಕೆ ಎರೆಯುವವರನ್ನು ಹುಡುಕುತ್ತಿದ್ದಳು.

"ಆ ಹನುಮಕ್ಕನ್ನ ಮಾತ್ರ ಕರೆಯಾಕಿಲ್ಲ ಕಣಕ್ಕ. ನಿಮ್ಮ ಕೂಸ್ನ ಸಾಯಿಸ್ಬುಡ್ತಿದ್ಳಲ್ಲ!"

ಮೂರು ವರ್ಷದಿಂದ ಊರು ಆಡುತ್ತಿರುವ ಮಾತು. ಮೂರು ವರ್ಷದಿಂದ ನಾನು ತಲೆಯಾಡಿಸುತ್ತ ಬಂದ ಮಾತು. ಅವಳನ್ನು ಯಾರೂ ಕರೆಯುತ್ತಿಲ್ಲ ಎಂದು ನನಗೆ ಗೊತ್ತಿತ್ತು.

"ಕಿವಿಯಿಟ್ಟು ಬ್ಯಾಡ ಅಂದೋಳು ಅವಳು ಕಣೆ. ಎತ್ತಿದ್ದು ನಾನು."

ಜಯಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. "ರೂಪಂಗೆ ಗೊತ್ತಾ?"

"ಈಗ ಮನೆಗೆ ಹೋಗಿ ಹೇಳ್ತೀನಿ," ಅಂದೆ.