ಬೀರಗಿತ್ತಿ ಸುಖವಾಗಿದ್ದಾಳೆಯೇ?

ನಿನ್ನೆ ಸಂಜೆ ದಾಂಡೇಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿಯೊಂದರ ಮುಂದೆ ಹೋಗುತ್ತಿದ್ದಾಗ ಏಲಕ್ಕಿಯ ವಾಸನೆ ಬಂತು. ಬರೀ ಏಲಕ್ಕಿಯಾಗಿದ್ದರೆ ಯಾರದೋ ಮನೆಯ ಪಾಯಸವೆಂದು ಮುಂದೆ ಹೋಗುತ್ತಿದ್ದೆ. ಇದು ಬಿಸಿ ಬ್ರೆಡ್ಡಿನ ವಾಸನೆಯೊಂದಿಗೆ ಕೂಡಿಕೊಂಡು ಬಂದಿತ್ತು. ಕೊತ್ತಂಬರಿಯ ಚೀಲ ಹಿಡಿದುಕೊಂಡು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು, "ಬಾಜೂ ಸರೀರಿ ಅಕ್ಕಾರ, ವಾಸನಿ ಅಲ್ಲಿ ನಿಂತ್ರೂ ಬರತೈತಿ" ಎಂದ. ಸರಿದು ನಿಂತೆ. ಅವನು ಹೇಳಿದ್ದು ನಿಜವೇ, ಅಲ್ಲಿಯೂ ಬರುತ್ತಿತ್ತು.

ನಾನು ಚಿಂತೆಯ ಹೆಂಗಸು. ಹೊಗೆಯ ವಾಸನೆ ಬಂದರೆ ಯಾರದೋ ಮನೆ ಸುಡುತ್ತಿದೆ ಅಂದುಕೊಳ್ಳುತ್ತೇನೆ, ಊದಿನಕಡ್ಡಿಯ ವಾಸನೆ ಬಂದರೆ ಯಾರು ಹೋದರೋ ಎಂದು ಹೊರಗೆ ಇಣುಕುತ್ತೇನೆ. ಆದರೆ ಏಲಕ್ಕಿ ಹಾಕಿದ ಬ್ರೆಡ್ಡಿನ ವಾಸನೆ ಬಂದರೆ ಮಾತ್ರ ಒಂದೇ ಪ್ರಶ್ನೆ ಏಳುತ್ತದೆ: ತನ್ನ ದೇಶ ಬಿಟ್ಟು ಪರದೇಶದಲ್ಲಿರುವವರು ಸುಖವಾಗಿರುತ್ತಾರೆಯೇ? ನಗಬೇಡಿ. ಒಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಮನೆಗೆಲಸವಾಗಿತ್ತು.

ಅರವತ್ತರ ದಶಕದ ಮೊದಮೊದಲ ವರ್ಷಗಳು. ಮದುವೆಯಾಗಿ ಧಾರವಾಡದಿಂದ ದಾಂಡೇಲಿಯ ಬಂಗೂರನಗರಕ್ಕೆ ಬಂದಿದ್ದೆ. ನಮ್ಮವರು ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಧಾರವಾಡದಿಂದ ದಾಂಡೇಲಿ ಎಷ್ಟು ದೂರ ಮಹಾ ಎಂದು ನೀವು ಕೇಳಬಹುದು. ಬೆಳಿಗ್ಗೆ ಬಸ್ಸು ಹತ್ತಿ, ಹಳಿಯಾಳದಲ್ಲಿ ಇಳಿದು ಚಹಾ ಕುಡಿದು, ಊಟದ ಹೊತ್ತಿಗೆ ಬಂದು ಮುಟ್ಟಬಹುದಾದಷ್ಟು. ಆದರೆ ನಮ್ಮ ಅತ್ತೆಯವರ ಭೂಗೋಳವೇ ಬೇರೆ. "ಹಳಿಯಾಳ ದಾಟಿತಂದ್ರ ಎಲ್ಲಾ ಪರದೇಶನ" ಎನ್ನುತ್ತಿದ್ದರು. ಇಲ್ಲಿನ ನೀರು ಹಗುರ, ಇಲ್ಲಿನ ಜೋಳದಲ್ಲಿ ಜಿಗುಟಿಲ್ಲ, ಇಲ್ಲಿನ ಎಮ್ಮೆಗಳಿಗೆ ಮರ್ಯಾದೆಯಿಲ್ಲ. ಮೇಲಾಗಿ ಗಾಳಿ ಬೀಸಿದಾಗಲೆಲ್ಲ ಕುದಿಸಿದ ಬಿದಿರಿನದೂ ಕೊಳೆತ ತತ್ತಿಯದೂ ಕೂಡಿದ ಕಾರ್ಖಾನೆಯ ಆ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಲೆಯ ಮುಂದೆ ಅಳುತ್ತಿದ್ದೆ. ಹೊಗೆಗೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದದ್ದರಿಂದ ಬಹಳ ಅನುಕೂಲವಾಗಿತ್ತು.

ಆಗಲೇ ಹೊಸ ಯಂತ್ರ ಕೂಡಿಸಲು ಸ್ವೀಡನ್ ದೇಶದಿಂದ ಒಬ್ಬ ಇಂಜಿನಿಯರ್ ಸಾಹೇಬ ಬಂದ. ಜೊತೆಗೆ ಹೆಂಡತಿ. ಅವರ ಬಂಗಲೆಯ ದುರಸ್ತಿ ಮುಗಿಯುವತನಕ ನಮ್ಮ ಮನೆಯ ಹಿಂದಿನ ಮನೆಯಲ್ಲಿ ಇಳಿಸಿದರು. ಆಕೆಯ ಹೆಸರು ಬಿರ್ಗಿಟ್ಟಾ ಎಂದು ಇವರು ಹೇಳಿದರು. ಅತ್ತೆಯವರು ಅದನ್ನು ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿ "ಬೀರಗಿತ್ತಿ" ಎಂದರು. ಅಂದಿನಿಂದ ಆಕೆ ಇಡೀ ಓಣಿಗೆ ಬೀರಗಿತ್ತಿಯಾದಳು. ಕರೆದರೆ ಓ ಎನ್ನುತ್ತಲೂ ಇದ್ದಳು.

ಕೆಲವು ವಾರಗಳಾದ ಮೇಲೆ ಒಂದು ದಿನ ಇವರು ಊಟಕ್ಕೆ ಕೂತು, ಅನ್ನ ಕಲಸುವುದನ್ನು ಬಿಟ್ಟು ಹೇಳಿದರು: "ಸಾಹೇಬ ಏನಂದಾ ಗೊತ್ತೈತೇನ? ಅವರ ಊರಾಗ ಯಂತ್ರಾ ಮಾಡೂ ಕಾರ್ಖಾನಿ ಐತಂತ. ಎರಡು ವರ್ಷ ಕೆಲಸಕ್ಕ ಬಾ, ಹೆಂಡ್ತೀನೂ ಕರಕೊಂಡು ಬಾ ಅಂದಾ."

ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

"ನೀವೇನಂದ್ರಿ?"

"ನಾ ಏನನ್ಲಿ? ನೀ ಹೂಂ ಅಂದ್ರ ಹೋಗೂಣು, ಒಲ್ಲೆ ಅಂದ್ರ ಇಲ್ಲ. ವಿಚಾರ ಮಾಡಿ ಹೇಳು."

ನೋಡಿ, ಗಂಡಸರು ಹೇಗೆ ಧಾರಾಳಿಗಳಾಗುತ್ತಾರೆ ಅಂತ. ಸೀರೆಯ ಅಂಚು ಆರಿಸಲು ಬಿಡದವರು ನನ್ನ ಕೈಗೆ ಇಡೀ ಖಂಡವನ್ನು ಕೊಟ್ಟುಬಿಟ್ಟಿದ್ದರು. ಇವರಿಗೆ ಹೋಗುವ ಆಸೆಯಿತ್ತೆನ್ನುವುದು ನನಗೆ ಕಾಣುತ್ತಿತ್ತು. ಮರುದಿನದಿಂದಲೇ ತಣ್ಣೀರಿನ ಸ್ನಾನ ಸುರುವಾಯಿತು. ಸಂತೆಯಿಂದ ಒಂದು ಮಫ್ಲರ್ ತಂದು, ಯುಗಾದಿಯ ಬಿಸಿಲಿನಲ್ಲಿ ಕೊರಳಿಗೆ ಸುತ್ತಿಕೊಂಡು ಅಭ್ಯಾಸ ಮಾಡುತ್ತಿದ್ದರು. ನಾನು ಒಲ್ಲೆ ಎಂದರೆ ಈ ಮನುಷ್ಯನ ಜೀವನವೇ ಕುಂದುತ್ತದೆ, ಹೂಂ ಎಂದರೆ ನನ್ನದು. ರಾತ್ರಿಯೆಲ್ಲ ಹೊರಳಾಡಿ ಕೊನೆಗೆ ಒಂದು ಉಪಾಯ ಹೂಡಿದೆ. ಪರದೇಶದಲ್ಲಿರುವ ಹೆಂಗಸೊಬ್ಬಳು ನಮ್ಮ ಹಿತ್ತಲಲ್ಲೇ ಇದ್ದಾಳೆ. ಅವಳನ್ನು ನೋಡೋಣ. ಬೀರಗಿತ್ತಿ ಸುಖವಾಗಿದ್ದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಬಾಣಲೆಯಲ್ಲಿ ಸಾಸಿವೆ ಒಂದು ಕಾಳು ಸಿಡಿದರೆ ಎಣ್ಣೆ ಕಾಯಿತು ಎಂದು ತಿಳಿಯುವುದಿಲ್ಲವೇ, ಹಾಗೆ.

ಅಡಿಗೆಮನೆಯ ಕಿಟಕಿ ಅವರ ಹಿತ್ತಲಿಗೆ ನೇರವಾಗಿತ್ತು. ಅತ್ತೆಯವರೂ ಒಂದು ಮಣೆ ಎಳೆದುಕೊಂಡು ಬಂದರು. ಆದರೆ ಸುಖವೆನ್ನುವುದು ದೂರದಿಂದ ಕಾಣುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಆಕೆ ಮಟಮಟ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ, ಮುಖವನ್ನು ಸೂರ್ಯನಿಗೆ ಒಡ್ಡುತ್ತಿದ್ದಳು. ಎಮ್ಮೆ ಸಹ ನೆರಳಿಗೆ ಹೋಗುವ ಹೊತ್ತು ಅದು.

"ನೋಡಲ್ಲೆ, ದೇವರಿಗೆ ಮಾರಿ ಎತ್ತಿ ಕುಂತಾಳ" ಎಂದರು ಅತ್ತೆಯವರು. "ಯಾವ ತಾಯಿ ಹಡದ ಮಗಳೋ."

ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಹಾಲಿಲ್ಲದ ಕರಿ ಕಾಫಿ ಕುಡಿಯುತ್ತಿದ್ದಳು. ಹಾಲನ್ನೂ ಬಿಟ್ಟಳೆಂದರೆ ಎಷ್ಟು ವೈರಾಗ್ಯ ಬಂದಿರಬೇಕು! ಬಟ್ಟೆ ಒಣಹಾಕುವಾಗ ಹಾಡುತ್ತಿದ್ದಳು. ಅದು ನನಗೆ ಹಸೆಯ ಹಾಡಿನಂತೆ ಕೇಳಿದರೆ, ಅತ್ತೆಯವರಿಗೆ ಹೆಣ ಎತ್ತುವಾಗಿನ ಹಾಡಿನಂತೆ ಕೇಳುತ್ತಿತ್ತು.

ಸಂಜೆ ಇವರು ಬಂದವರೇ ಆಸ್ಪತ್ರೆಯಲ್ಲಿದ್ದವರನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದರು:

"ಇವತ್ತ ಹೆಂಗದಾಳ?"

"ಮುಂಜಾನೆ ನಕ್ಕಳು."

"ಚೊಲೋ ಆತು."

"ಮಧ್ಯಾಹ್ನ ಅತ್ತಂಗಿತ್ತು."

"ಅತ್ತಳೋ, ಅತ್ತಂಗಿತ್ತೋ? ನೆಟ್ಟಗ ಹೇಳು."

"ಉಳ್ಳಾಗಡ್ಡಿ ಹೆಚ್ಚತಿದ್ಲು."

ಅತ್ತೆಯವರಿಗೆ ಮಾತ್ರ ಸಂಶಯವಿರಲಿಲ್ಲ. ದುಃಖಕ್ಕೆ ಅವರಿಗೆ ಗೊತ್ತಿದ್ದ ಮದ್ದು ಒಂದೇ. ಶೇಂಗಾ ಹೋಳಿಗೆ, ಗೋಧಿ ಹುಗ್ಗಿ, ತುಪ್ಪ ಸವರಿದ ಜೋಳದ ರೊಟ್ಟಿ, ಒಂದೊಂದೇ ಬೇಲಿಯ ಮೇಲಿಂದ ಆಚೆ ಹೋದವು. ಮರುದಿನ ಅದೇ ತಾಟಿನಲ್ಲಿ ಆಕೆ ಏಲಕ್ಕಿ ಹಾಕಿದ, ಹೆರಳು ಹೆಣೆದಂಥ ಬ್ರೆಡ್ಡು ಕಳಿಸುತ್ತಿದ್ದಳು. "ಪಾಯಸಕ್ಕ ಹಾಕೂದನ್ನ ಬ್ರೆಡ್ಡಿಗೆ ಹಾಕತಾಳ. ತಲಿ ಠಿಕಾಣ್ಯಾಗಿಲ್ಲ, ಪಾಪ" ಎನ್ನುತ್ತ ಅತ್ತೆಯವರು ಎರಡನೆಯ ತುಂಡು ಮುರಿದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಆಕೆ ಕೈಯಲ್ಲಿ ಏನೂ ಇಲ್ಲದೆ, ತಲೆ ಬಗ್ಗಿಸಿಕೊಂಡು ಬೇಗಬೇಗ ನಡೆದು ಕಾಳಿ ನದಿಯ ಕಡೆಗೆ ಹೋದಳು. ಅತ್ತೆಯವರು ಮಣೆಯಿಂದ ಎದ್ದುನಿಂತರು.

"ಹಿಂದ ಹೋಗು. ಆಕಿ ಮಾರಿ ನೆಟ್ಟಗಿಲ್ಲ."

"ನಾನ?"

"ಮತ್ತ ನಾ ಓಡ್ಲೇನ, ಈ ಮೊಳಕಾಲ ತಗೊಂಡು?"

ಹಿಟ್ಟಿನ ಕೈಯಲ್ಲೇ ಓಡಿದೆ. ದಾರಿಯುದ್ದಕ್ಕೂ ನಾಳೆ ಪೊಲೀಸರು ಏನು ಕೇಳುತ್ತಾರೆ, ನಾನು ಏನು ಹೇಳಬೇಕು ಎಂದು ಯೋಚಿಸುತ್ತಿದ್ದೆ. ಬಿದಿರುಮೆಳೆಯ ಆಚೆ ಆಕೆ ನೀರಿನ ಅಂಚಿಗೆ ನಿಂತಿದ್ದಳು. "ಮೇಡಂ" ಎಂದು ಕೂಗಿದೆ. ಒಣಗಿದ ಬಿದಿರೆಲೆಯ ಮೇಲೆ ಕಾಲು ಜಾರಿತು. ಕೂತ ಭಂಗಿಯಲ್ಲೇ ಇಳಿಜಾರಿನಲ್ಲಿ ಜಾರಿಕೊಂಡು ಹೋಗಿ ಆಕೆಯ ಕಾಲ ಬಳಿ ಕೆಸರಿನಲ್ಲಿ ನಿಂತೆ, ಅಂದರೆ ಕೂತೆ. ಉಳಿಸಲು ಹೋದವಳನ್ನು ಸಾಯಹೊರಟವಳು ರಟ್ಟೆ ಹಿಡಿದು ಎತ್ತಿದಳು. ತುಟಿಯ ಮೇಲೆ ಬೆರಳಿಟ್ಟು ಆಚೆಯ ಬಂಡೆ ತೋರಿಸಿದಳು. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮೊಸಳೆಯೊಂದು ಬಿಸಿಲು ಕಾಯುತ್ತಿತ್ತು. ಆಕೆ ಅದನ್ನು ನೋಡಲು ಆಗಾಗ ಬರುತ್ತಿದ್ದಳಂತೆ. ಮನೆಯ ಮುಂದೆ ಮೊಸಳೆ ಇದೆ ಎಂದರೆ ಅವಳ ಊರಿನಲ್ಲಿ ತಂಗಿ ಸಹ ನಂಬುವುದಿಲ್ಲವಂತೆ.

ಮೆಟ್ರಿಕ್‌ವರೆಗೆ ಕಲಿತ ಇಂಗ್ಲಿಷಿನಲ್ಲಿ ನಾನು ಎಷ್ಟೋ ದಿನಗಳಿಂದ ಒಂದು ವಾಕ್ಯ ಬಾಯಿಪಾಠ ಮಾಡಿಟ್ಟಿದ್ದೆ. ಇನ್ನು ತಡೆಯಲಾಗಲಿಲ್ಲ. ಸೀರೆಯಿಂದ ಕೆಸರು ಸೋರುತ್ತಿರುವಾಗಲೇ ಕೇಳಿಬಿಟ್ಟೆ: ನಮ್ಮ ದೇಶದಲ್ಲಿ ನೀನು ಸುಖವಾಗಿದ್ದೀಯಾ?

ಆಕೆ ಮೊಸಳೆಗೆ ಕೇಳದಂತೆ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ನನಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದ್ದು ಹೀಗೆ: "ನಮ್ಮ ಊರಿನಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ನನ್ನ ಅಮ್ಮನೂ ಕೇಳಿಲ್ಲ. ಇಲ್ಲಿ ಹಾಲಿನವನು ಕೇಳುತ್ತಾನೆ, ಮೀನಿನವಳು ಕೇಳುತ್ತಾಳೆ, ನಿಮ್ಮ ಅತ್ತೆ ಬೇಲಿಯಾಚೆಯಿಂದ ಕೈ ಮಾಡಿ ಕೇಳುತ್ತಾಳೆ. ಬಂದಾಗ ಸುಖವಾಗಿಯೇ ಇದ್ದೆ. ಎಲ್ಲರೂ ಕೇಳಿ ಕೇಳಿ ಈಗ ಅನುಮಾನ ಬರುತ್ತಿದೆ."

ಆಮೇಲೆ ನನ್ನ ಹಿಟ್ಟಿನ ಕೈ ಹಿಡಿದುಕೊಂಡು ಕೇಳಿದಳು: "ನೀನು? ದಿನವಿಡೀ ಕಿಟಕಿಯಲ್ಲಿ ನಿಂತು ನಮ್ಮ ಮನೆಯನ್ನೇ ನೋಡುತ್ತಿರುತ್ತೀಯ. ಎಳೆ ಹುಡುಗಿ, ಊರು ಬಿಟ್ಟು ಬಂದಿದ್ದಾಳೆ, ಎಷ್ಟು ದುಃಖವೋ ಎಂದು ನಾವಿಬ್ಬರೂ ಮಾತಾಡಿಕೊಳ್ಳುತ್ತೇವೆ. ನಿನಗೆಂದೇ ಬ್ರೆಡ್ಡು ಮಾಡುತ್ತಿದ್ದೆ."

ಹೀಗಿತ್ತು ನೋಡಿ ವ್ಯವಹಾರ. ಎರಡು ಮನೆಗಳು ಪರಸ್ಪರ ಕನಿಕರಪಟ್ಟು ಬೇಲಿಯ ಎರಡೂ ಕಡೆ ದಪ್ಪಗಾಗುತ್ತಿದ್ದವು. ನಾಚಿಕೆಯಿಂದ ಸೀರೆಯ ಕೆಸರು ಕೊಡವತೊಡಗಿದೆ. ಮನೆಯ ಕಡೆ ನಡೆಯುವಾಗ ಇನ್ನೊಂದು ಸಂಗತಿ ಹೊಳೆಯಿತು. ಆಕೆಯನ್ನು ಕಾಯುವ ಕೆಲಸ ಹಚ್ಚಿಕೊಂಡಾಗಿನಿಂದ ನಾನು ಒಲೆಯ ಮುಂದೆ ಅತ್ತಿರಲಿಲ್ಲ. ಮೂಗು ಮುಚ್ಚಿಕೊಳ್ಳುವುದೂ ಯಾವಾಗಲೋ ನಿಂತುಹೋಗಿತ್ತು. ಧಾರವಾಡವನ್ನು ಮರೆತದ್ದು ನನಗೇ ಗೊತ್ತಾಗಿರಲಿಲ್ಲ. ಇಲ್ಲಿ ಆದದ್ದು ಅಲ್ಲಿಯೂ ಆದೀತು, ಅಲ್ಲಿಯೂ ಯಾರದೋ ಹಿತ್ತಲಿಗೆ ಒಂದು ಕಿಟಕಿ ಇದ್ದೀತು.

ಎರಡನೆಯ ಪಾಳಿಗೆ ಹೊರಟಿದ್ದ ಇವರು ಬೂಟು ಹಾಕಿಕೊಳ್ಳುತ್ತಿದ್ದರು. ಕೆಸರು ಸೀರೆಯಲ್ಲೇ ಬಾಗಿಲಲ್ಲಿ ನಿಂತು ಹೇಳಿದೆ: "ಹೋಗೂಣು."

"ಎಲ್ಲಿಗೆ?"

"ಸ್ವೀಡನ್ನಿಗೆ."

ಇವರ ಕೈಯಲ್ಲಿದ್ದ ಲೇಸು ಕೈಯಲ್ಲೇ ಉಳಿಯಿತು. ಮುಖ ಅರಳೀತೆಂದು ಕಾದೆ. ಮುಖ ಮಾತ್ರ ತವೆಯಿಂದ ತೆಗೆದ ರೊಟ್ಟಿಯ ಹಾಗೆ ಮೆಲ್ಲಗೆ ಇಳಿಯಿತು.

"ಖರೇನ?"

"ಖರೇನ."

"ಅಲ್ಲಾ, ಅವ್ವನ ಮೊಳಕಾಲು..."

ಒಳಗಿನಿಂದ ಅತ್ತೆಯವರು, "ನನ್ನ ಮೊಳಕಾಲು ನನ್ನ ಕೂಡ ಇರತಾವ. ನಾ ಸಣ್ಣಾವನ ಕಡೆ ಧಾರವಾಡಕ್ಕ ಹೋಗತೇನಿ. ನೀವು ಹೋಗ್ರಿ" ಎಂದರು. ಆ ದನಿಯಲ್ಲಿ ಅಡಗಿಸಲಾರದ ಸಂತೋಷವಿತ್ತು.

"ಅಲ್ಲಿ ಜ್ವಾಳಾ ಸಿಗಂಗಿಲ್ಲ."

"ಬ್ರೆಡ್ ತಿನ್ನೂಣು."

"ವಿಮಾನಾ ಮ್ಯಾಲಿಂದ ಬೀಳತಾವಂತ ಒಮ್ಮೊಮ್ಮೆ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಇವು ನನ್ನ ಮಾತುಗಳು, ನಾನು ಆಡಬೇಕಾದವು. ಆಗ ತಿಳಿಯಿತು. ತಣ್ಣೀರು, ಮಫ್ಲರ್ ಎಲ್ಲವೂ ನನ್ನ 'ಒಲ್ಲೆ'ಯನ್ನು ನಂಬಿ ಮಾಡಿದ ಧೈರ್ಯವಾಗಿದ್ದವು. ಪಾಳಿಯ ಸೈರನ್ ಇನ್ನೂ ಆಗಿರಲಿಲ್ಲ. ಆದರೂ ಹೊತ್ತಾಯಿತೆಂದು ಇವರು ಹೊರಟುಹೋದರು.

ಮರುದಿನ ಬೀರಗಿತ್ತಿ ತಾನೇ ಬೇಲಿ ದಾಟಿ ಬಂದಳು. ನನ್ನ ಕೈ ಹಿಡಿದು ಬಹಳ ಹೊತ್ತು ಸವರಿದಳು. "ಚಿಂತೆ ಮಾಡಬೇಡ, ನಿನ್ನ ಗಂಡ ಎಲ್ಲ ಹೇಳಿದ್ದಾನಂತೆ. ಬರಲು ಹೆದರಿ ನೀನು ತುಂಬ ಅಳುತ್ತಿದ್ದೀಯಂತೆ. ನನ್ನ ಗಂಡನಿಗೆ ಏನೂ ಬೇಸರವಿಲ್ಲ" ಎಂದಳು. ನಾನು ಹೂಂ ಎಂದು ತಲೆಯಾಡಿಸಿ, ಆಕೆ ತಂದ ಬ್ರೆಡ್ಡು ತಿಂದೆ. ಆ ವಾರವೆಲ್ಲ ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಇವರು ಅದನ್ನೇ ಸುರಿದುಕೊಂಡು ಉಂಡರು. ಆದರೂ ಸಿಟ್ಟು ಬಹಳ ದಿನ ಉಳಿಯಲಿಲ್ಲ. ಜೀವಮಾನವಿಡೀ ಎಲ್ಲರ ಪಾಲಿನ ಹೆದರಿಕೆಯನ್ನು ನಾನೊಬ್ಬಳೇ ಹೊತ್ತವಳು. ಮೊದಲ ಸಲ ಇನ್ನೊಬ್ಬರು ನನ್ನ ಪಾಲಿನದನ್ನೂ ಹೆದರಿಬಿಟ್ಟಿದ್ದರು. ಅದೂ ಒಂದು ಸುಖವೇ.

ಹೋಗದೆ ಉಳಿದ ಆ ದೇಶ ನಮ್ಮ ಮನೆಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಯಾರೇ ಬಂದರೂ ಇವರು, "ನಾ ಸ್ವೀಡನ್ನಿಗೆ ಹೋಗಾವ ಇದ್ದೆರಿ, ಈಕಿ ಒಲ್ಲೆ ಅಂದ್ಲು" ಎನ್ನುತ್ತಾರೆ. ಮೊದಮೊದಲು ಅದು ಎರಡು ವರ್ಷದ ಕೆಲಸವಾಗಿತ್ತು. ಆಮೇಲೆ ಅದಕ್ಕೊಂದು ಕಾರು ಬಂತು, ಈಚೆಗೆ ಕೆರೆಯ ದಂಡೆಗೆ ಮನೆಯೂ ಆಗಿದೆ. ಅಲ್ಲಿ ನಾವು ಬಹಳ ಸುಖವಾಗಿದ್ದೇವೆ ಎಂದೇ ಹೇಳಬೇಕು. ಈ ಮಾತು ಬಂದಾಗಲೆಲ್ಲ ನಾನು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ನಿನ್ನೆ ಪೇಟೆಯಿಂದ ಬರುವಷ್ಟರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ದಂಪತಿಗಳು ಕೂತಿದ್ದರು. ಇವರು ಆಗಲೇ ಕೆರೆಯ ದಂಡೆಯನ್ನು ಮುಟ್ಟಿದ್ದರು. ಆ ಹುಡುಗಿ ನನ್ನ ಕಡೆ ತಿರುಗಿ, "ಯಾಕ ಒಲ್ಲೆ ಅಂದ್ರಿ ಅಕ್ಕಾರ? ಅಂಥಾ ದೇಶಾ" ಎಂದಳು. ಕೈ ಲೋಟಗಳ ಕಡೆ ಹೋಯಿತು. ಯಾಕೋ ಈ ಸಲ ಎತ್ತಿಕೊಳ್ಳಲಿಲ್ಲ. ಕೂತುಕೊಂಡೆ.

"ಹೆದರಿಕಿ ಬಂತು ನೋಡವಾ" ಎಂದೆ. "ಹೊಸಾ ದೇಶ, ಹೊಸಾ ಮಂದಿ. ನನ್ನ ಕೈಲಿ ಆಗಲಿಲ್ಲ."

ಇವರು ಬಸಿಯಲ್ಲಿದ್ದ ಚಹಾ ಊದುತ್ತಿದ್ದವರು ಊದುವುದನ್ನು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ಬಸಿಯನ್ನು ಕೆಳಗಿಟ್ಟು ಅಂದರು:

"ಹೆದರಿಕಿ ಯಾರಿಗಿರಂಗಿಲ್ಲ ಬಿಡ್ರಿ."